ನಮ್ಮ ಊರು ಯಾವುದು?



ಇಬ್ಬರು ಅಪರಿಚಿತರು ರೈಲಿನಲ್ಲಾಗಲಿ ಬಸ್ಸಿನಲ್ಲಾಗಲಿ ಎದುರುಬದುರಾಗಿ ಕುಳಿತರೆಂದರೆ, ಮೊಟ್ಟಮೊದಲು ಹೊರಡುವ ಪ್ರಶ್ನೆ “ತಮ್ಮದು ಯಾವ ಊರಾಯಿತು?” ಎಂಬುದು. ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು ೨೦ ಕಿಲೋಮೀಟರುಗಳ ದಾರಿ. ಆ ಅಲ್ಪ ಪ್ರಯಾಣದಲ್ಲಿಯೂ ಈ ಪ್ರಶ್ನೆಯನ್ನು ಕೇಳದೆ ಸುಮ್ಮನಿರುವವರು ವಿರಳ. ಊರಿನ ಹೆಸರು ಹೇಳಿದೊಡನೆ ಮಾತು ಮನೆ, ಗದ್ದೆ, ತೋಟಗಳ ಕಡೆಗೆ ತಿರುಗುವುದು. ಅಲ್ಲಿಂದ ಊರಿನ ಹಳೆಯ ಕಥೆಗೆ, ಹಿರಿಯರ ಹೆಸರಿಗೆ ಏರುವುದು. ಊರು, ಆಸ್ತಿ, ಐತಿಹ್ಯ ಎಂಬ ಈ ಮೂರು ಎಳೆಗಳನ್ನು ಸೇರಿಸಿ ಹೊಸೆದ ಹಗ್ಗವೇ “ನಾನು ಇಂತಲ್ಲಿಯವನು” ಎಂಬ ಭಾವ. ಈ ಹಗ್ಗವು ಮನುಷ್ಯರನ್ನು ಒಂದುಗೂಡಿಸಿ ಕಟ್ಟಬಲ್ಲದು. ಒಬ್ಬೊಬ್ಬರನ್ನೇ ಗೂಟಕ್ಕೆ ಕಟ್ಟಿಹಾಕಲೂ ಬಲ್ಲದು. ಲಿಂಗವಂತನಾದ ಗೃಹಸ್ಥನು ಇದನ್ನು ಹೇಗೆ ಹಿಡಿಯಬೇಕೆಂಬುದೇ ಇಂದಿನ ವಿಚಾರ.

ಮೊದಲು ಐತಿಹ್ಯವನ್ನು ನೋಡೋಣ. ಶಿವಮೊಗ್ಗಕ್ಕೆ ಆ ಹೆಸರು ಹೇಗೆ ಬಂದಿತೆಂಬುದಕ್ಕೆ ಒಂದಲ್ಲ, ಹಲವು ಕಥೆಗಳುಂಟು. ಅದು “ಶಿವಮುಖ” ಎಂಬುದರಿಂದ ಬಂದಿತೆಂದು ಕೆಲವರು ಹೇಳುವರು. ಶಿವನು ತುಂಗೆಯ ನೀರನ್ನು ಮೂಗಿನಿಂದ ಕುಡಿದನೆಂದು ಇನ್ನು ಕೆಲವರು ಹೇಳುವರು. ದೂರ್ವಾಸ ಋಷಿಯ ಆಶ್ರಮ ಇಲ್ಲಿತ್ತು. ಅಲ್ಲಿ ಒಲೆಯ ಮೇಲಿದ್ದ ಮೊಗೆಯಲ್ಲಿ ಸಿಹಿಯಾದ ಸೊಪ್ಪುಸದೆಗಳು ಬೇಯುತ್ತಿದ್ದವು. ಆದಕಾರಣ ಊರು “ಸಿಹಿಮೊಗೆ” ಆಯಿತೆಂಬುದು ಮತ್ತೊಂದು ಕಥೆ. ೨೦೧೪ರ ನವೆಂಬರ್ ೧ರಂದು ಇಂಗ್ಲಿಷಿನ ಬರವಣಿಗೆಯಲ್ಲಿಯೂ “ಶಿಮೊಗ” ಎಂಬುದು ಹೋಗಿ ಶಿವಮೊಗ್ಗವೆಂಬ ರೂಪವೇ ಅಧಿಕೃತವಾಯಿತು. ಈ ಕಥೆಗಳಲ್ಲಿ ಯಾವುದು ನಿಜವೆಂದು ಭಾಷಾಶಾಸ್ತ್ರಜ್ಞರು ವಿಚಾರಿಸಲಿ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ನಮ್ಮ ಊರು ಶಿವನ ಮುಖವೆಂದು ನಂಬುವವನು ಆ ಊರಿನ ಬೀದಿಯಲ್ಲಿ ಹಸಿದು ನಿಂತವನ ಮುಖವನ್ನು ಹೇಗೆ ನೋಡುತ್ತಾನೆ? ನಮ್ಮದು ಸಿಹಿಮೊಗೆಯೆಂದು ಹೆಮ್ಮೆಪಡುವವನ ಮನೆಯ ಮೊಗೆಯಲ್ಲಿ ಬಂದವರಿಗೆ ಒಂದು ಗುಟುಕು ಇದೆಯೇ? ಐತಿಹ್ಯದ ಸತ್ಯವು ಶಾಸನದಲ್ಲಿ ಮಾತ್ರವೇ ಇರುವುದಲ್ಲ. ಅದನ್ನು ಹೇಳುವವನ ನಡತೆಯಲ್ಲಿಯೂ ಇರುವುದು.

ಪೇಟೆಯಲ್ಲಿರುವ ಶಿವಪ್ಪನಾಯಕನ ಅರಮನೆಯನ್ನು ತಾವೆಲ್ಲರೂ ನೋಡಿರುವಿರಿ. ಮರದ ದಪ್ಪ ಕಂಬಗಳ ಆ ಕಟ್ಟಡ ಇಂದು ವಸ್ತುಸಂಗ್ರಹಾಲಯ. ಈಗ ಕಾಣುವ ರೂಪದಲ್ಲಿ ಅದು ಆ ನಾಯಕನ ಕಾಲದ್ದೇ ಅಲ್ಲವೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಆದರೂ ಜನ ಅದನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ. ಏಕೆ? ಕೆಳದಿಯ ಆ ವೀರಶೈವ ಅರಸನು ೧೬೪೫ರಿಂದ ೧೬೬೦ರವರೆಗೆ ಆಳಿದಾಗ ನೆಲವನ್ನು ಅಳೆಯಿಸಿ, ಐದು ತರಗತಿಗಳಾಗಿ ವಿಂಗಡಿಸಿ, ಹುಟ್ಟುವಳಿಯ ಮೂರರಲ್ಲೊಂದು ಪಾಲನ್ನು ಅರಮನೆಗೆಂದು ಗೊತ್ತುಮಾಡಿದನು. ಅದೇ “ಶಿವಪ್ಪನಾಯಕನ ಶಿಸ್ತು”. ಅವನ ವಂಶದ ರಾಣಿ ಚೆನ್ನಮ್ಮಾಜಿಯು ೧೬೮೯ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವನ್ನಿತ್ತು, ಔರಂಗಜೇಬನ ಸೈನ್ಯವನ್ನು ಎದುರುಹಾಕಿಕೊಂಡಳು. ಗೋಡೆ ಯಾರು ಕಟ್ಟಿದರೆಂಬುದು ಮರೆತುಹೋಗಬಹುದು. ನ್ಯಾಯವಾಗಿ ಅಳೆದವನ ಹೆಸರು, ಮೊರೆಹೊಕ್ಕವನಿಗೆ ಬಾಗಿಲು ತೆರೆದವಳ ಹೆಸರು ಉಳಿಯುವುದು. ಒಂದು ನೆಲವು ಒಬ್ಬನನ್ನು ತನ್ನವನೆಂದು ಒಪ್ಪಿಕೊಳ್ಳುವ ರೀತಿ ಇದು.

ಇನ್ನು ನಮ್ಮ ಜಿಲ್ಲೆಯ ಪರಮ ಹೆಮ್ಮೆಯ ಮಾತಿಗೆ ಬರೋಣ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯು ಅಲ್ಲಮಪ್ರಭುಗಳ ಊರೆಂದು, ಅದೇ ತಾಲ್ಲೂಕಿನ ಉಡುತಡಿಯು ಅಕ್ಕಮಹಾದೇವಿಯ ಊರೆಂದು ನಾವು ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳಲಿ, ತಪ್ಪಿಲ್ಲ. ಆದರೆ ಒಂದು ಸಂಗತಿಯನ್ನು ಮನಗಾಣಬೇಕು. ಆ ಇಬ್ಬರೂ ಊರನ್ನು ಬಿಟ್ಟು ಹೋದವರು. ಅಕ್ಕನು ಕೌಶಿಕನ ಅರಮನೆಯನ್ನು, ಒಡವೆಯನ್ನು, ಕಡೆಗೆ ಉಟ್ಟ ಬಟ್ಟೆಯನ್ನೂ ಬಿಟ್ಟು ಕಲ್ಯಾಣಕ್ಕೆ ನಡೆದಳು. ಅಲ್ಲಿಯೂ ನಿಲ್ಲದೆ ಶ್ರೀಶೈಲದ ಕದಳಿಗೆ ಹೋದಳು. ತನ್ನ ಊರು ಇದೆಂದು ಹೇಳಿಕೊಳ್ಳುವ ಗೊಡವೆಯೇ ಅವಳಿಗಿರಲಿಲ್ಲ. ಅವಳು ಬಿಟ್ಟ ಊರು ಇಂದು ಅವಳನ್ನು ಬಿಡಲೊಲ್ಲದು. ಇದೊಂದು ಸೋಜಿಗವಷ್ಟೆ!

ಅಲ್ಲಮನ ಕಥೆಯಂತೂ ನಮ್ಮ ವಿಷಯಕ್ಕೆ ಕನ್ನಡಿಯಂತಿದೆ. ಮಹಾಕವಿ ಹರಿಹರನು ನಿರೂಪಿಸಿರುವಂತೆ, ಪ್ರಿಯೆಯಾದ ಕಮಲತೆಯನ್ನು ಕಳೆದುಕೊಂಡು ಅಲ್ಲಮನು ತೋಟದಲ್ಲಿ ಶೂನ್ಯಮನಸ್ಕನಾಗಿ ಕುಳಿತಿದ್ದಾನೆ. ಕಾಲುಗುರಿನಿಂದ ನೆಲವನ್ನು ಕೆರೆಯುತ್ತಿರುವಾಗ ಹೊನ್ನಿನ ಕಳಸದ ತುದಿ ತೋರುತ್ತದೆ. ಅಗೆಸಿದರೆ ನೆಲದೊಳಗೊಂದು ದೇಗುಲ. ಬಾಗಿಲು ತೆರೆದು ಒಳಹೊಕ್ಕರೆ, ಅಂಗೈಯಲ್ಲಿ ಲಿಂಗವನ್ನು ಹಿಡಿದು, ಎವೆಯಿಕ್ಕದೆ ನೋಡುತ್ತ ಕುಳಿತಿರುವ ಅನಿಮಿಷಯ್ಯನು ಕಾಣುತ್ತಾನೆ. ಆ ಲಿಂಗವು ಅನಿಮಿಷನ ಅಂಗೈಯಿಂದ ಅಲ್ಲಮನ ಅಂಗೈಗೆ ಬರುತ್ತದೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಅಗೆದ ನೆಲದಲ್ಲಿ ಹೊನ್ನಿನ ಕಳಸ ದೊರೆತಿತ್ತು, ಇಡಿಯ ಗುಡಿಯೇ ದೊರೆತಿತ್ತು. ನಮ್ಮಂಥವರಾಗಿದ್ದರೆ ಏನು ಮಾಡುತ್ತಿದ್ದೆವು? ಸುತ್ತಲೂ ಬೇಲಿಯನ್ನು ಹಾಕಿಸಿ, ಹೆಸರು ಕೆತ್ತಿದ ಕಲ್ಲನ್ನು ನೆಡಿಸಿ, ಧರ್ಮದರ್ಶಿತ್ವಕ್ಕಾಗಿ ನ್ಯಾಯಾಲಯದ ಮೆಟ್ಟಿಲನ್ನು ಹತ್ತುತ್ತಿದ್ದೆವು. ಅಲ್ಲಮನು ಕಳಸವನ್ನು ತೆಗೆದುಕೊಳ್ಳಲಿಲ್ಲ, ಗುಡಿಯನ್ನು ತನ್ನದೆನ್ನಲಿಲ್ಲ. ಅಂಗೈಯ ಲಿಂಗವನ್ನು ಮಾತ್ರ ಪಡೆದು ಅಲ್ಲಿಂದ ಹೊರಟನು. ಸ್ಥಾವರವಿದ್ದ ಕಡೆಯಿಂದಲೇ ಜಂಗಮವು ಹುಟ್ಟಿತು. ಶಿವಮೊಗ್ಗ ನಗರದಲ್ಲಿ ಹಿಂದೆ ಸೆರೆಮನೆಯಿದ್ದ ವಿಶಾಲವಾದ ಬಯಲು ಈಗ ಉದ್ಯಾನವಾಗಿ, ಅದಕ್ಕೆ ಅಲ್ಲಮಪ್ರಭುಗಳ ಹೆಸರು ಬಂದಿದೆ. ಯಾವ ಗೋಡೆಯೊಳಗೂ ನಿಲ್ಲದವನ ಹೆಸರು ಹಳೆಯ ಸೆರೆಮನೆಯ ನೆಲಕ್ಕೆ ಬಂದುದು ಎಷ್ಟು ಉಚಿತ! ಸಂಜೆಯ ಹೊತ್ತು ಅಲ್ಲಿ ಗಾಳಿಸೇವನೆಗೆ ಹೋಗುವ ಸದ್ಭಕ್ತರು ಒಂದು ಕ್ಷಣ ನಿಂತು, ತಮ್ಮನ್ನು ಸೆರೆಯಲ್ಲಿಟ್ಟಿರುವ ಗೋಡೆ ಯಾವುದೆಂದು ತಮ್ಮನ್ನೇ ಕೇಳಿಕೊಳ್ಳಲಿ.

ಹಾಗಾದರೆ ಊರಿನ ಅಭಿಮಾನವೇ ಬೇಡವೆ? ಎಲ್ಲರೂ ಮನೆಮಠಗಳನ್ನು ತೊರೆದು ಕದಳಿಗೆ ಹೋಗಬೇಕೆ? ಹಾಗಲ್ಲ. ಶರಣರಲ್ಲಿ ಬಹುಮಂದಿ ಗೃಹಸ್ಥರೇ. ಊರಿನಲ್ಲಿದ್ದೇ ಊರಿನವನಾಗುವ ಬಗೆ ಯಾವುದೆಂಬುದನ್ನು ತಿಳಿಯಲು ಭದ್ರಾವತಿಯ ಕಡೆಗೆ ದೃಷ್ಟಿಯನ್ನು ಹರಿಸೋಣ.

ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ ಆ ಊರಿನ ಪ್ರಾಚೀನತೆಗೆ ಸಾಕ್ಷಿ. ಹೆಸರಿನಲ್ಲಿದ್ದ ಬೆಂಕಿ ಕುಲುಮೆಗೆ ಬಂದುದು ೧೯೨೩ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ವಿಶ್ವೇಶ್ವರಯ್ಯನವರ ಯೋಜನೆಯಂತೆ, ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಅಲ್ಲಿ ಕೆಲಸವನ್ನಾರಂಭಿಸಿತು. ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಅದಿರು ಬಂದಿತು. ಸುತ್ತಲಿನ ಕಾಡಿನಿಂದ ಸೌದೆ ಬಂದು ಇದ್ದಲಾಯಿತು. ಭದ್ರೆಯಿಂದ ನೀರು ಬಂದಿತು. ೧೯೩೬ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪಿತವಾಯಿತು. ಇವೆಲ್ಲಕ್ಕಿಂತ ಮಿಗಿಲಾಗಿ ಜನ ಬಂದರು. ಕನ್ನಡನಾಡಿನ ಮೂಲೆಮೂಲೆಗಳಿಂದ ಬಂದವರು, ತಮಿಳರು, ತೆಲುಗರು, ಮಲೆಯಾಳಿಗಳು, ಉರ್ದು ಮಾತನಾಡುವವರು ಒಂದೇ ಶಿಳ್ಳೆಯ ಸದ್ದಿಗೆ ಎದ್ದು, ಒಂದೇ ಬಾಗಿಲಿನಲ್ಲಿ ಒಳಹೊಕ್ಕು, ಒಂದೇ ಕುಲುಮೆಯ ಝಳದಲ್ಲಿ ಬೆವರು ಸುರಿಸಿದರು. ಅವರಲ್ಲಿ ಎಷ್ಟೋ ಮಂದಿಗೆ ಅಲ್ಲಿ ಅಂಗೈಯಗಲ ನೆಲವೂ ಸ್ವಂತದ್ದಾಗಿರಲಿಲ್ಲ; ಇದ್ದುದು ಕಾರ್ಖಾನೆಯ ವಸತಿಗೃಹ. ಹಿರಿಯರ ಕಥೆಯೂ ಅಲ್ಲಿಯದಲ್ಲ. ಆದರೂ ಅವರ ಮಕ್ಕಳು “ನಮ್ಮದು ಭದ್ರಾವತಿ” ಎಂದರು. ಯಾವ ಹಕ್ಕಿನಿಂದ? ಕಾಯಕದ ಹಕ್ಕಿನಿಂದ.

ಬಂಧುಗಳೇ, ಹನ್ನೆರಡನೆಯ ಶತಮಾನದ ಕಲ್ಯಾಣವೂ ಹೀಗೆಯೇ ಇತ್ತಲ್ಲವೇ? ಬಸವಣ್ಣನವರು ಬಾಗೇವಾಡಿಯವರು, ಸಿದ್ಧರಾಮರು ಸೊನ್ನಲಿಗೆಯವರು, ಆದಯ್ಯನು ಸೌರಾಷ್ಟ್ರದವನು. ಕಾಶ್ಮೀರದ ಅರಸನಾಗಿದ್ದವನು ರಾಜ್ಯವನ್ನು ಬಿಟ್ಟು ಬಂದು, ಕಲ್ಯಾಣದ ಬೀದಿಯಲ್ಲಿ ಸೌದೆಯ ಹೊರೆಯನ್ನು ಮಾರಿ, ಮೋಳಿಗೆಯ ಮಾರಯ್ಯನೆನಿಸಿದನೆಂದು ಪುರಾತನರ ಕಥೆ ಹೇಳುತ್ತದೆ. ಅವನ ರಾಜ್ಯದ ಎಲ್ಲೆ ಎಲ್ಲಿತ್ತೆಂದು ಇಂದು ಕೇಳುವವರಿಲ್ಲ; ಅವನು ಹೊತ್ತ ಸೌದೆಯ ಹೊರೆಯನ್ನು ನಾಡೆಲ್ಲ ನೆನೆಯುತ್ತಿದೆ. ಕಲ್ಯಾಣದ ಮಣ್ಣಿನಲ್ಲಿ ಹುಟ್ಟಿದವರಿಂದ ಕಲ್ಯಾಣವಾಗಲಿಲ್ಲ. ಬಂದವರನ್ನು ಪರಕೀಯರೆನ್ನದೆ ಮನೆಯ ಮಕ್ಕಳೆಂದು ಬಗೆದ ಬಸವಣ್ಣನವರ ಮನಸ್ಸಿನಿಂದ, ಬಂದವರು ಮಾಡಿದ ಕಾಯಕದಿಂದ ಅದು ಕಲ್ಯಾಣವಾಯಿತು.

ಆದರೆ ಸ್ಥಾವರವಾದುದೆಲ್ಲಕ್ಕೂ ಒಂದು ಕೊನೆಯುಂಟು. ಭದ್ರಾವತಿಯ ಕಾಗದದ ಕಾರ್ಖಾನೆ ೨೦೧೫ರ ಸುಮಾರಿಗೆ ಉತ್ಪಾದನೆಯನ್ನು ನಿಲ್ಲಿಸಿತು. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ, ಅದು ಕೆಲಸವನ್ನಾರಂಭಿಸಿ ನೂರು ವರ್ಷ ತುಂಬಿದ ೨೦೨೩ರ ಜನವರಿಯಲ್ಲಿಯೇ ಹೊರಬಿದ್ದಿತು. ಕಾರ್ಮಿಕರು ಬೀದಿಗಿಳಿದರು, ಊರಿಗೆ ಊರೇ ಮರುಗಿತು. ಆಮೇಲೆ ಅಷ್ಟಿಷ್ಟು ಕೆಲಸ ಮತ್ತೆ ನಡೆದರೂ ಹಿಂದಿನ ಸಂಭ್ರಮ ಮರಳಲಿಲ್ಲ. ಕಾಯಕದಿಂದ ಊರಿನವನಾದವನಿಗೆ ಕಾಯಕವೇ ತಪ್ಪಿದರೆ ಅವನು ಎಲ್ಲಿಯವನು? ಈ ಪ್ರಶ್ನೆ ಲಘುವಾದುದಲ್ಲ. ಇದಕ್ಕೆ ಉತ್ತರವನ್ನು ಕೊಡಬೇಕಾದವನು ಅವನೊಬ್ಬನೇ ಅಲ್ಲ, ಅವನ ನೆರೆಹೊರೆಯೆಲ್ಲವೂ ಕೊಡಬೇಕು. ಕಾಯಕದ ಜೊತೆಗೆ ದಾಸೋಹವೆಂಬ ಎರಡನೆಯ ಕಣ್ಣನ್ನು ಶರಣರು ಇಟ್ಟುದು ಇದಕ್ಕಾಗಿಯೇ. ದುಡಿಯುವ ಕೈಗೆ ಕೆಲಸ ತಪ್ಪಿದ ದಿನವೂ “ನೀನು ನಮ್ಮವನು” ಎಂದು ಅವನಿಗೆ ಅನ್ನಿಸುವಂತೆ ಮಾಡುವುದೇ ದಾಸೋಹ. ಅದಿಲ್ಲದ ಊರು ಕೇವಲ ಮನೆಗಳ ಸಾಲು.

ಈಗ ಮೂರನೆಯ ಎಳೆಯಾದ ಆಸ್ತಿಯ ವಿಚಾರ. ೧೯೬೪ರಲ್ಲಿ ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾಯಿತು. ನಾಡಿಗೆ ಬೆಳಕು ಬಂದಿತು. ಆ ಬೆಳಕಿಗಾಗಿ ಸಾಗರ, ಹೊಸನಗರ ಸೀಮೆಯ ಎಷ್ಟೋ ಹಳ್ಳಿಗಳು ನೀರಿನಡಿಗೆ ಹೋದವು. ಅಡಿಕೆತೋಟ, ಗದ್ದೆ, ದೇವರ ಬನ, ಹಿರಿಯರ ಸಮಾಧಿ ಎಲ್ಲವೂ ಮುಳುಗಿದವು. ಮುಳುಗಡೆಯಾದ ಕುಟುಂಬಗಳಲ್ಲಿ ಅನೇಕರನ್ನು ಶಿವಮೊಗ್ಗ, ಭದ್ರಾವತಿ ತಾಲ್ಲೂಕುಗಳ ಕಾಡಂಚಿಗೆ ತಂದು ನೆಲೆಗೊಳಿಸಿದರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಿರೇಭಾಸ್ಕರದ ಹಳೆಯ ಕಟ್ಟೆ ಮೇಲೆದ್ದು ಕಾಣುತ್ತದೆ. ಮಳೆ ಬಂದಾಗ ಮತ್ತೆ ಮರೆಯಾಗುತ್ತದೆ. ಊರನ್ನು ಕಳೆದುಕೊಂಡವರ ನೆನಪೂ ಹಾಗೆಯೇ ಏಳುತ್ತ ಮುಳುಗುತ್ತ ಇರುವುದು. ಅರ್ಧ ಶತಮಾನಕ್ಕೂ ಮಿಗಿಲಾಗಿ ಉತ್ತು ಬಿತ್ತಿದ ನೆಲಕ್ಕೆ ಅವರಲ್ಲಿ ಅನೇಕರಿಗೆ ಇನ್ನೂ ಹಕ್ಕುಪತ್ರ ದೊರೆತಿಲ್ಲ. ಕಾಗದದಲ್ಲಿ ಅದು ಕಾಡು. ಅವರ ಬದುಕಿನಲ್ಲಿ ಅದು ಊರು.

ಇಂಥವರ ಮುಂದೆ ನಿಂತು “ಆಸ್ತಿ ಮಾಯೆ, ನೆಲ ಯಾರದೂ ಅಲ್ಲ, ವೈರಾಗ್ಯವನ್ನು ತಾಳಿರಿ” ಎಂದು ಉಪದೇಶ ಮಾಡುವವನು ಧರ್ಮಬೋಧಕನಲ್ಲ. ಈ ಮಾತನ್ನು ನಾವು ಮಠದ ಪೀಠದಿಂದಲೇ ಹೇಳುತ್ತಿದ್ದೇವೆ, ನಮಗೂ ಅನ್ವಯಿಸುವಂತೆ ಹೇಳುತ್ತಿದ್ದೇವೆ. ವೈರಾಗ್ಯವನ್ನು ಉಳ್ಳವನಿಗೆ ಬೋಧಿಸಬೇಕು. ಕಳೆದುಕೊಂಡವನಿಗೆ ನ್ಯಾಯವನ್ನು ದೊರಕಿಸಬೇಕು. ಅಕ್ಕನು ತಾನಾಗಿ ಬಿಟ್ಟಳು, ಆದಕಾರಣ ಅದು ತ್ಯಾಗ. ಬಲವಂತವಾಗಿ ಬಿಡಿಸಿದ್ದನ್ನು ತ್ಯಾಗವೆಂದು ಹೊಗಳುವುದು ಅಧರ್ಮ. ನೆಲದ ಮೋಹ ಬೇರೆ, ನೆಲೆಯ ಅವಶ್ಯಕತೆ ಬೇರೆ. ಮೊದಲನೆಯದನ್ನು ಕರಗಿಸಬೇಕು, ಎರಡನೆಯದನ್ನು ಈಡೇರಿಸಬೇಕು.

ಉಳ್ಳವರಿಗೆ ಹೇಳಬೇಕಾದುದನ್ನು ಐದಕ್ಕಿ ಮಾರಯ್ಯನ ಪತ್ನಿ ಲಕ್ಕಮ್ಮನು ಎಂದೋ ಹೇಳಿದ್ದಾಳೆ. ಬಿದ್ದ ಅಕ್ಕಿಯನ್ನು ಆಯ್ದು ತರುವುದು ಆ ದಂಪತಿಗಳ ಕಾಯಕ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚಾಗಿ ತಂದನು. ಹಿಗ್ಗಬೇಕಾದ ಹೆಂಡತಿ ಹಿಗ್ಗಲಿಲ್ಲ. ಹೆಚ್ಚಿನ ಅಕ್ಕಿಯನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹೇಳಿದಳು. ಅಕ್ಕಿ ಕದ್ದುದಲ್ಲ, ಕಾಡಿ ತಂದುದಲ್ಲ. ಅಗತ್ಯಕ್ಕೆ ಮೀರಿದ್ದು, ಅಷ್ಟೆ. ಅಗತ್ಯವನ್ನು ಮೀರಿದೊಡನೆ ಅದು ಬೇರೊಬ್ಬರ ಪಾಲೆಂಬುದು ಅವಳ ಲೆಕ್ಕ. ಬಡತನದ ಆ ಗುಡಿಸಲಿನಲ್ಲಿದ್ದ ಶಿಸ್ತು, ಅರಸನ ಶಿಸ್ತಿಗಿಂತ ಹಿರಿದಾದುದು.

ಕೆಲವು ವರ್ಷಗಳ ಹಿಂದೆ ಶಿವಮೊಗ್ಗ ಪೇಟೆಯ ಇಬ್ಬರು ಅಣ್ಣತಮ್ಮಂದಿರು ನಮ್ಮ ಬಳಿಗೆ ಬಂದಿದ್ದರು. ತಂದೆಯವರು ಲಿಂಗೈಕ್ಯರಾದ ತರುವಾಯ ಮನೆಯನ್ನು ಪಾಲು ಮಾಡಿಕೊಳ್ಳುತ್ತಿದ್ದರು. ಅಂಗಡಿ, ತೋಟ, ಒಡವೆಗಳೆಲ್ಲ ಪಾಲಾಗಿದ್ದವು. ನಡುವಿನ ದೇವರ ಮನೆ ಯಾರಿಗೆ ಸೇರಬೇಕೆಂಬುದರಲ್ಲಿ ತಕರಾರು ನಿಂತಿತ್ತು. “ಬುದ್ಧಿ, ಅಪ್ಪ ಐವತ್ತು ವರ್ಷ ಪೂಜೆ ಮಾಡಿದ ಜಾಗ, ಅದು ನನಗೇ ಬರಬೇಕು” ಎಂದನು ಹಿರಿಯನು. “ನನಗೆ ಮಾತ್ರ ಅವರು ಅಪ್ಪ ಅಲ್ಲವೇನು ಬುದ್ಧಿ?” ಎಂದನು ಕಿರಿಯನು. ತಂದೆಯವರು ಪರಸ್ಥಳಕ್ಕೆ ಹೋದಾಗ ಪೂಜೆಯನ್ನು ಎಲ್ಲಿ ಮಾಡುತ್ತಿದ್ದರೆಂದು ಕೇಳಿದೆವು. “ಎಲ್ಲಿದ್ದರೆ ಅಲ್ಲಿ, ಅಂಗೈಯಲ್ಲಿ” ಎಂದು ಇಬ್ಬರೂ ಒಟ್ಟಿಗೆ ನುಡಿದು, ಒಬ್ಬರ ಮುಖವನ್ನೊಬ್ಬರು ನೋಡಿ ಸುಮ್ಮನಾದರು. ತಾಯಿಯವರು ಎಲ್ಲಿ ಮಲಗುತ್ತಾರೆಂದು ಕೇಳಿದೆವು. ಅದನ್ನು ಇಬ್ಬರೂ ಗೊತ್ತುಮಾಡಿರಲಿಲ್ಲ. ಪಾಲು ನಿಲ್ಲಲಿಲ್ಲ, ಮನೆ ಎರಡಾಯಿತು. ಆದರೆ ನಡುವಿನ ಆ ಕೋಣೆಗೆ ಎರಡು ಕಡೆಗೂ ಬಾಗಿಲು ಉಳಿಯಿತು, ತಾಯಿಯವರು ಅಲ್ಲಿ ಉಳಿದರು. ದೊಡ್ಡ ಪವಾಡವೇನೂ ನಡೆಯಲಿಲ್ಲ. ಒಂದು ಗೋಡೆ ಏಳಲಿಲ್ಲ, ಅಷ್ಟೆ. ಇಷ್ಟಾದರೂ ಸಾಕೆಂದು ನಮಗೆ ಅನ್ನಿಸಿತು.

ಆ ಮಕ್ಕಳ ಬಾಯಿಂದ ಬಂದ “ಅಂಗೈ” ಎಂಬ ಮಾತಿನಲ್ಲಿಯೇ ನಮ್ಮ ಧರ್ಮದ ಮರ್ಮವಿದೆ. ಶರಣರು ದೇವರನ್ನು ಗುಡಿಯಿಂದ ಕರಸ್ಥಲಕ್ಕೆ ತಂದರು. ಗುಡಿಯಿದ್ದ ಊರಿನವನು ಮಾತ್ರ ದೇವರ ಬಳಿಯವನು, ಉಳಿದವರು ದೂರದವರು ಎಂಬ ಭೇದ ಅಂದಿಗೆ ಅಳಿಯಿತು. ಕೂಲಿಗಾಗಿ ಹೊರಟವನ ಜೊತೆಯಲ್ಲಿ, ಮುಳುಗಡೆಯಾಗಿ ಲಾರಿಯನ್ನು ಹತ್ತಿದವನ ಜೊತೆಯಲ್ಲಿ, ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ತಿರುಗುವವನ ಜೊತೆಯಲ್ಲಿ ಲಿಂಗವೂ ನಡೆಯಿತು. ಇನ್ನೊಂದನ್ನು ಗಮನಿಸಿರಿ. ಲಿಂಗವು ನಿಲ್ಲುವುದು ತೆರೆದ ಅಂಗೈಯಲ್ಲಿ. ಬಿಗಿದ ಮುಷ್ಟಿಯಲ್ಲಿ ಪೂಜೆ ಸಾಧ್ಯವಿಲ್ಲ. ಊರನ್ನೂ, ಆಸ್ತಿಯನ್ನೂ, ಹಿರಿಯರ ಕಥೆಯನ್ನೂ ಹೀಗೆಯೇ ಹಿಡಿಯಬೇಕು. ಕೈಯಿಂದ ಜಾರಿಸಬಾರದು, ಮುಷ್ಟಿಯನ್ನೂ ಕಟ್ಟಬಾರದು. ನಮ್ಮ ಹಿರಿಯರು “ಸ್ಥಲ” ಎಂಬ ಶಬ್ದವನ್ನು ಯಾವುದಕ್ಕೆ ಬಳಸಿದರೆಂಬುದನ್ನು ನೆನೆಯಿರಿ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಸರ್ವೆ ನಂಬರಿಲ್ಲ, ಚಕ್ಕುಬಂದಿಯಿಲ್ಲ. ಅವು ಜೀವನು ಬೆಳೆಯುತ್ತ ಸಾಗುವ ನೆಲೆಗಳು. ಯಾವ ಊರಿನಲ್ಲಿ ಹುಟ್ಟಿದೆವೆಂಬುದು ನಮ್ಮ ಕೈಯಲ್ಲಿಲ್ಲ. ಯಾವ ಸ್ಥಲದಲ್ಲಿ ನಿಂತಿದ್ದೇವೆಂಬುದು ನಮ್ಮ ಕೈಯಲ್ಲಿದೆ.

ಗೃಹಸ್ಥರು ಆಚರಿಸಬಹುದಾದ ಕೆಲವು ಮಾತುಗಳನ್ನು ಹೇಳಿ ಮುಗಿಸುತ್ತೇವೆ. ಮಕ್ಕಳಿಗೆ ಊರಿನ ಕಥೆಯನ್ನು ಹೇಳಿರಿ. ಆದರೆ ನೆರೆಯವನ ಊರು ಕೀಳೆನ್ನುವ ಕಥೆಯನ್ನು ಹೇಳಬೇಡಿರಿ. ಹೊಸದಾಗಿ ಬೀದಿಗೆ ಬಂದವರ ಕುಲವನ್ನು ವಿಚಾರಿಸುವ ಮೊದಲು ಅವರ ಮನೆಗೆ ಕುಡಿಯುವ ನೀರು ಬಂದಿದೆಯೇ ಎಂದು ವಿಚಾರಿಸಿರಿ. ಖಾತೆ, ಪಹಣಿಗಳಲ್ಲಿ ಹೆಸರುಳ್ಳವರು, ಹೆಸರಿಲ್ಲದವರ ಅರ್ಜಿಯನ್ನು ಬರೆದುಕೊಡಲು, ಅವರೊಡನೆ ಕಚೇರಿಗೆ ಹೋಗಲು ವರ್ಷದಲ್ಲಿ ಒಂದು ದಿನವನ್ನಾದರೂ ಮೀಸಲಿಡಿರಿ, ಅದೂ ದಾಸೋಹವೇ. ಪಾಲು ಮಾಡಿಕೊಳ್ಳುವಾಗ ತಾಯಿಯ ಮಂಚವನ್ನು ಮೊದಲು ಇಟ್ಟು, ಆಮೇಲೆ ಗೋಡೆಯ ಗೆರೆಯನ್ನು ಎಳೆಯಿರಿ.

ತುಂಗೆ, ಭದ್ರೆಯರು ಒಂದೇ ಬೆಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆಯಾಗಿ ಹರಿದು, ಒಬ್ಬಳು ಶಿವಮೊಗ್ಗವನ್ನೂ ಇನ್ನೊಬ್ಬಳು ಭದ್ರಾವತಿಯನ್ನೂ ತಣಿಸಿ, ಕೂಡಲಿಯಲ್ಲಿ ಒಂದಾಗುತ್ತಾರೆ. ಅಲ್ಲಿ ತುಂಗೆ ತನ್ನ ಹೆಸರನ್ನಾಗಲಿ ಭದ್ರೆ ತನ್ನ ಹೆಸರನ್ನಾಗಲಿ ಒಂಟಿಯಾಗಿ ಉಳಿಸಿಕೊಳ್ಳುವುದಿಲ್ಲ, ತುಂಗಭದ್ರೆಯಾಗಿ ಮುಂದುವರಿಯುತ್ತಾರೆ. ಮುಂದೆ ಆ ನೀರು ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆ ಅದಕ್ಕೂ ಮೊದಲು ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಕೊಂಡು ಬಂದವಳು. ನಮ್ಮ ಕೂಡಲಿಯ ನೀರೂ, ಅಣ್ಣನವರ ಕೂಡಲದ ನೀರೂ ಒಂದಾಗಿ, ಅಕ್ಕನು ನಡೆದುಹೋದ ಶ್ರೀಶೈಲದ ಅಡಿಯಲ್ಲಿ ಹರಿಯುತ್ತವೆ. ಹುಟ್ಟಿದ ಬೆಟ್ಟವನ್ನು ಬಿಟ್ಟು ಹೊರಟುದರಿಂದಲೇ ಆ ನೀರು ಇಷ್ಟು ಊರುಗಳಿಗೆ ಸೇರಿತು, ಇಷ್ಟು ಜನರಿಗೆ ತಮ್ಮ ನದಿಯೆನಿಸಿತು.

ಇನ್ನು ಮುಂದೆ ಯಾರಾದರೂ “ತಮ್ಮದು ಯಾವ ಊರಾಯಿತು?” ಎಂದು ಕೇಳಿದರೆ ಊರಿನ ಹೆಸರನ್ನು ಸಂತೋಷದಿಂದ ಹೇಳಿರಿ. ಜೊತೆಗೆ, ಆ ಊರು ನಮ್ಮನ್ನು ತನ್ನವರೆಂದು ಹೇಳಿಕೊಳ್ಳುವಂತೆ ಇಂದು ಏನು ಮಾಡಿದೆವೆಂದು ಮನಸ್ಸಿನಲ್ಲಿಯೇ ಕೇಳಿಕೊಳ್ಳಿರಿ. ನೆಲೆಯುಳ್ಳವರಿಗೆ ಔದಾರ್ಯವನ್ನೂ, ನೆಲೆಯಿಲ್ಲದವರಿಗೆ ನ್ಯಾಯವನ್ನೂ ಪರಶಿವನು ಕರುಣಿಸಲಿ.